ಕುಣಿಕೆಯೊಳಗಿನ ಗಾಳಿ: ಗರಗದ ನೂಲು ಮತ್ತು ಹಗುರ ಸ್ವೆಟರ್

ಹಗುರ ಸ್ವೆಟರ್ ಮೈಯನ್ನು ಬೆಚ್ಚಗಿಡುವುದು ತನ್ನ ನೂಲಿನಿಂದಲ್ಲ, ನೂಲಿನ ಸಂದುಗಳಲ್ಲಿ ಅಲುಗದೆ ನಿಂತ ಗಾಳಿಯಿಂದ. ಶಾಖ ಸಾಗಿಸುವುದರಲ್ಲಿ ನಿಂತ ಗಾಳಿ ಬಲು ಸೋಮಾರಿ. ಅದರ ಉಷ್ಣವಾಹಕತೆ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.025 ವ್ಯಾಟ್. ನೀರಿನದು 0.6, ಅಂದರೆ ಇಪ್ಪತ್ತನಾಲ್ಕು ಪಟ್ಟು. ಹತ್ತಿ, ಉಣ್ಣೆಗಳ ಎಳೆಗಳು ಇವೆರಡರ ನಡುವೆ ಬರುತ್ತವೆ. ಆದರೆ ಗಾಳಿಯ ಈ ಸೋಮಾರಿತನ ಅದು ನಿಂತಿರುವವರೆಗೆ ಮಾತ್ರ. ಚಲಿಸತೊಡಗಿದರೆ ಮೈಯ ಬಿಸಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಹೀಗಾಗಿ ಬೆಚ್ಚನೆಯ ಉಡುಪಿನ ಕೆಲಸ ಒಂದೇ: ಆದಷ್ಟು ಕಡಿಮೆ ನೂಲಿನಲ್ಲಿ ಆದಷ್ಟು ಹೆಚ್ಚು ಗಾಳಿಯನ್ನು ಕಟ್ಟಿಹಾಕುವುದು.

ಉಡುಪಿನ ಬೆಚ್ಚಗನ್ನು ಅಳೆಯಲು ಒಂದು ಮಾನವಿದೆ. 1941ರಲ್ಲಿ ಎ. ಪಿ. ಗಾಗಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಸೂಚಿಸಿದ ಈ ಮಾನದ ಹೆಸರು ‘ಕ್ಲೋ’. 21 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ಚಳಿಯೂ ಆಗದ, ಸೆಕೆಯೂ ಆಗದ ಉಡುಪು ಒಂದು ಕ್ಲೋ. ಲೆಕ್ಕ ಹಾಕಿದರೆ ಕೇವಲ 4 ಮಿಲಿಮೀಟರಿನಷ್ಟು ದಪ್ಪದ, ಸಂಪೂರ್ಣ ನಿಶ್ಚಲ ಗಾಳಿಯ ಪದರ ಒಂದು ಕ್ಲೋಗೆ ಸಮ. ತುಂಬು ತೋಳಿನ ತೆಳು ಸ್ವೆಟರಿಗೆ ತಜ್ಞರ ಕೋಷ್ಟಕಗಳು ಕೊಡುವ ಅಂಕಿ ಸುಮಾರು 0.25. ದಪ್ಪ ಸ್ವೆಟರಿಗೂ 0.36ರಷ್ಟೇ. ಎರಡರ ನಡುವಿನ ವ್ಯತ್ಯಾಸ ಜನ ಊಹಿಸುವಷ್ಟು ದೊಡ್ಡದಲ್ಲ.

ಧಾರವಾಡ ತಾಲೂಕಿನ ಗರಗದಂಥ ಊರಿಗೆ ತೆಳು ಸ್ವೆಟರೇ ತಕ್ಕದ್ದು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ಸೀಮೆಯಲ್ಲಿ ಮುಂಗಾರು ಹಿಂದೆ ಸರಿದ ಮೇಲೆ ಆಕಾಶ ತಿಳಿಯಾಗುತ್ತದೆ. ಮೋಡದ ಹೊದಿಕೆ ಇಲ್ಲದ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನು ಕಿರಣಗಳ ರೂಪದಲ್ಲಿ ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿಯಲ್ಲಿ ತೇವ ಕಡಿಮೆಯಾದಷ್ಟೂ ಈ ನಷ್ಟ ಹೆಚ್ಚು. ಸೀಗಿ ಹುಣ್ಣಿಮೆಯ ಹೊತ್ತಿಗೆ ಮಧ್ಯಾಹ್ನ 30 ಡಿಗ್ರಿಯ ಆಸುಪಾಸಿದ್ದರೆ ಬೆಳಗಿನ ಜಾವ 20ರ ಕೆಳಗೆ ಇಳಿಯುತ್ತದೆ. ಡಿಸೆಂಬರಿನಲ್ಲಿ 15ರ ಸುತ್ತಮುತ್ತ. ಒಂದೇ ದಿನದಲ್ಲಿ ಹತ್ತು ಹನ್ನೆರಡು ಡಿಗ್ರಿಯ ಏರಿಳಿತ ಇರುವಲ್ಲಿ ಬೇಕಾದದ್ದು ನಸುಕಿಗೆ ಹಾಕಿಕೊಂಡು ಬಿಸಿಲೇರಿದ ಮೇಲೆ ತೆಗೆದು ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಉಡುಪು. ಉತ್ತರ ಭಾರತದ ಚಳಿಗೆಂದು ತಯಾರಾದ ದಪ್ಪ ಅಕ್ರಿಲಿಕ್ ಸ್ವೆಟರುಗಳು ಇಲ್ಲಿನ ಸಂತೆಗೂ ಬರುತ್ತವೆ. ಒಂಬತ್ತು ಗಂಟೆಗೆಲ್ಲ ಅವು ಬೆವರಿಳಿಸುತ್ತವೆ.

ಗರಗ ನಾಡಿಗೆ ಗೊತ್ತಿರುವುದು ಸ್ವೆಟರಿನಿಂದಲ್ಲ, ಖಾದಿಯಿಂದ. 1950ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಧಾರವಾಡ ತಾಲೂಕು ಗರಗ ಕ್ಷೇತ್ರೀಯ ಸೇವಾ ಸಂಘ ರಾಷ್ಟ್ರಧ್ವಜದ ಬಟ್ಟೆ ನೇಯ್ದು ಹೆಸರಾಯಿತು. ಹತ್ತಿರದ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಧ್ವಜವನ್ನು ಸಿದ್ಧಪಡಿಸಿ ದೇಶಕ್ಕೆಲ್ಲ ಕಳಿಸುತ್ತದೆ. ಖಾದಿ ಸಂಸ್ಥೆಗಳಿಗೆ ಹಂಜಿ ಒದಗಿಸುವ ಖಾದಿ ಆಯೋಗದ ಘಟಕ ಚಿತ್ರದುರ್ಗದಲ್ಲಿದೆ. ಹಂಜಿಯನ್ನು ನೂಲಾಗಿಸುವುದು ಅಂಬರ ಚರಕ. 1949ರ ಸುಮಾರಿಗೆ ತಮಿಳುನಾಡಿನ ಏಕಂಬರನಾಥನ್ ರೂಪಿಸಿದ ಈ ಯಂತ್ರದಲ್ಲಿ ಗಿರಣಿಯ ನೂಲುವ ಚೌಕಟ್ಟನ್ನೇ ಕಿರಿದು ಮಾಡಿ ಕೂರಿಸಲಾಗಿದೆ. ಉರುಳೆಗಳ ಜೋಡಿಗಳು ಹಂಜಿಯನ್ನು ಎಳೆದು ತೆಳುವಾಗಿಸುತ್ತವೆ, ಕದಿರು ಅದಕ್ಕೆ ಹುರಿ ಕೊಡುತ್ತದೆ, ತಿರುಗಿಸುವ ಶಕ್ತಿ ಮಾತ್ರ ಕೈಯದು. ಇಂಥ ನೂಲು ಸ್ವೆಟರಿಗೆ ಒದಗೀತೇ ಎಂಬುದು ಈ ಅಧ್ಯಾಯದ ಪ್ರಶ್ನೆ. ಒದಗುತ್ತದೆ, ಆದರೆ ಇದ್ದ ಹಾಗೆಯೇ ಅಲ್ಲ.

ಮಗ್ಗದಲ್ಲಿ ನೂಲು ನೆಟ್ಟಗೆ ಇರುತ್ತದೆ. ಹಾಸು ಉದ್ದಕ್ಕೆ ಬಿಗಿದಿರುತ್ತದೆ, ಲಾಳಿ ಹೊಕ್ಕನ್ನು ಅಡ್ಡ ಒಯ್ಯುತ್ತದೆ, ಒಂದು ಎಳೆ ಇನ್ನೊಂದರ ಮೇಲೆ ಕೆಳಗೆ ಹಾಯುವಾಗ ಬಾಗುವುದು ಅತ್ಯಲ್ಪ. ಎಳೆದರೆ ಎಳೆತ ನೇರವಾಗಿ ನೂಲಿನ ಮೇಲೆಯೇ ಬೀಳುವುದರಿಂದ ಬಟ್ಟೆ ಹಿಗ್ಗುವುದಿಲ್ಲ. ಧ್ವಜಕ್ಕೆ ಬೇಕಾದದ್ದು ಇದೇ ಗುಣ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ರಾಷ್ಟ್ರಧ್ವಜದ್ದೇ. ಇಡೀ ದಿನ ಗಾಳಿಗೆ ಪಟಪಟ ಹಾರಿದರೂ ಅದರ 3:2 ಅಳತೆ ಕೆಡಬಾರದು. ಹೆಣಿಗೆಯಲ್ಲಾದರೋ ನೆಟ್ಟಗಿನ ನೂಲು ಎಲ್ಲಿಯೂ ಇಲ್ಲ. ಒಂದೇ ಎಳೆ ಕುಣಿಕೆಯಾಗಿ ಬಾಗಿ, ಕೆಳಸಾಲಿನ ಕುಣಿಕೆಯೊಳಗಿಂದ ಹೊರಬಂದು, ಮೇಲಿನ ಸಾಲಿನ ಕುಣಿಕೆಗೆ ದಾರಿ ಕೊಡುತ್ತದೆ. ಅಡ್ಡ ಎಳೆದಾಗ ನೂಲು ಉದ್ದವಾಗುವುದಿಲ್ಲ, ಕುಣಿಕೆ ತನ್ನ ಆಕಾರ ಬದಲಿಸುತ್ತದೆ. ಹಾಗಾಗಿಯೇ ಗುಂಡಿ ಇಲ್ಲದ ಸ್ವೆಟರ್ ತಲೆಯ ಮೇಲಿಂದ ಇಳಿದು ಮತ್ತೆ ಕೊರಳಿಗೆ ಕೂರುತ್ತದೆ. ನೇಯ್ದ ಬಟ್ಟೆಯ ಅಂಗಿಗೆ ಸೀಳು, ಗುಂಡಿ ಬೇಕೇ ಬೇಕು.

ಬಾಗಿದ ಕುಣಿಕೆ ಬಟ್ಟೆಗೆ ದಪ್ಪವನ್ನೂ ಕೊಡುತ್ತದೆ. ಸಾಧಾರಣ ಖಾದಿ ಅಂಗಿಬಟ್ಟೆಯ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಕೈಯಿಂದ ಹೆಣೆದ ತೆಳು ಸ್ವೆಟರಿನದು 2 ಮಿಲಿಮೀಟರಿಗೆ ಸಮೀಪ. ನೇಯ್ದ ಬಟ್ಟೆಯಲ್ಲಿಯೂ ಮುಕ್ಕಾಲು ಪಾಲು ಗಾಳಿಯೇ ಇದೆ ಎಂದರೆ ಹಲವರು ನಂಬಲಿಕ್ಕಿಲ್ಲ. ಅಲ್ಲಿ ಕೊರತೆ ಇರುವುದು ಗಾಳಿಯದಲ್ಲ, ದಪ್ಪದ್ದು. ಹೆಣಿಗೆಗೆ ದಪ್ಪವಿದ್ದರೂ ಒಂದು ದೌರ್ಬಲ್ಯವಿದೆ. ದೊಡ್ಡ ಸಂದುಗಳೊಳಗೆ ಹೊರಗಿನ ಗಾಳಿ ಸಲೀಸಾಗಿ ನುಗ್ಗುತ್ತದೆ. ಮುಂಜಾನೆ ಬೈಕಿನಲ್ಲಿ ಧಾರವಾಡಕ್ಕೆ ಹೊರಟವರಿಗೆ ಬರೀ ಸ್ವೆಟರ್ ಸಾಲದು. ಅದರ ಮೇಲೆ ಖಾದಿಯ ತೆಳು ಜಾಕೀಟೊಂದಿದ್ದರೆ ಒಳಗಿನ ಗಾಳಿ ನಿಲ್ಲುತ್ತದೆ. ಒಳಗೆ ಹೆಣಿಗೆ, ಹೊರಗೆ ನೇಯ್ಗೆ: ಇದೇ ಸರಿಯಾದ ಕ್ರಮ. ತಿರುವುಮುರುವಾದರೆ ಗಾಳಿಗೆ ತಡೆಯಿರುವುದಿಲ್ಲ.

ನೂಲಿನ ವಿಷಯದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಹುರಿ. ಹತ್ತಿಯ ಎಳೆಗಳು ಗಿಡ್ಡ. ಅವನ್ನು ಒಂದಕ್ಕೊಂದು ಒತ್ತಿ ಹಿಡಿದಿರುವುದು ಹುರಿಯಿಂದ ಹುಟ್ಟುವ ಘರ್ಷಣೆಯೇ. ಮಗ್ಗದ ಹಾಸಿಗೆ ಹುರಿ ಹೆಚ್ಚು ಬೇಕು, ಇಲ್ಲವಾದರೆ ಬಿಗಿತಕ್ಕೂ ಫಣಿಗೆಯ ಉಜ್ಜಾಟಕ್ಕೂ ಎಳೆ ಕಡಿದುಹೋಗುತ್ತದೆ. ಅದೇ ನೂಲನ್ನು ಹೆಣಿಗೆಯ ಕಡ್ಡಿಗೆ ಏರಿಸಿದರೆ ಫಲಿತಾಂಶ ಒರಟಾಗುತ್ತದೆ. ಹೆಚ್ಚು ಹುರಿ ಎಂದರೆ ಎಳೆಗಳ ನಡುವಿನ ಗಾಳಿ ಹಿಂಡಿಹೋಗಿದೆ ಎಂದರ್ಥ. ಅದಲ್ಲದೆ ಒಂದೇ ದಿಕ್ಕಿಗೆ ಹುರಿಗೊಂಡ ಒಂಟಿ ಎಳೆ ಯಾವಾಗಲೂ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ. ಕುಣಿಕೆಗಳು ಸಡಿಲವಾಗಿರುವುದರಿಂದ ಅದಕ್ಕೆ ಅವಕಾಶವೂ ಸಿಗುತ್ತದೆ. ಒಗೆದ ಮೇಲೆ ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗಿಕೊಳ್ಳುವ ಅಗ್ಗದ ಬನಿಯನ್ನುಗಳನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ನಡೆದಿರುವುದು ಇದೇ.

ಪರೀಕ್ಷೆ ಸುಲಭ. ಮೊಳದುದ್ದ ನೂಲನ್ನು ಎರಡೂ ಕೈಯಲ್ಲಿ ಹಿಡಿದು ಎರಡು ತುದಿಗಳನ್ನು ನಿಧಾನವಾಗಿ ಹತ್ತಿರ ತರಬೇಕು. ನಡುವಿನ ಭಾಗ ತೊಟ್ಟಿಲಿನ ಹಾಗೆ ಸುಮ್ಮನೆ ಜೋತುಬಿದ್ದರೆ ನೂಲು ಹೆಣಿಗೆಗೆ ಸಿದ್ಧ. ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಜಡೆಯಾದರೆ ಇನ್ನೂ ಜೀವಂತ ಹುರಿ ಉಳಿದಿದೆ. ಉಪಾಯವೆಂದರೆ ಹಲವು ಎಳೆಗಳನ್ನು ಕೂಡಿಸಿ, ನೂಲುವಾಗ ಕೊಟ್ಟ ದಿಕ್ಕಿಗೆ ವಿರುದ್ಧವಾಗಿ ಮತ್ತೊಮ್ಮೆ ಹುರಿ ಮಾಡುವುದು. ಆಗ ಒಂದರ ಎಳೆತ ಇನ್ನೊಂದನ್ನು ತಡೆದು ನೂಲು ಶಾಂತವಾಗುತ್ತದೆ, ಮೊದಲಿನ ಹುರಿ ಸ್ವಲ್ಪ ಬಿಚ್ಚಿಕೊಂಡು ಎಳೆಗಳು ಅರಳುತ್ತವೆ.

ಎಳೆ ಕೂಡಿಸುವುದರಿಂದ ಇನ್ನೊಂದು ಲಾಭವಿದೆ. ಕೈನೂಲು ಎಂದೂ ಏಕಪ್ರಕಾರವಾಗಿರುವುದಿಲ್ಲ, ಒಂದೆಡೆ ದಪ್ಪ, ಒಂದೆಡೆ ತೆಳು. ತಿರುಚಲು ತೆಳು ಜಾಗ ಸುಲಭವಾದ್ದರಿಂದ ಹುರಿಯೆಲ್ಲ ಓಡಿಹೋಗಿ ಅಲ್ಲಿಯೇ ಸೇರುತ್ತದೆ. ದಪ್ಪ ಜಾಗ ಸಡಿಲವಾಗಿ ಉಬ್ಬಿಕೊಳ್ಳುತ್ತದೆ. ಎಂಟು ಎಳೆ ಸೇರಿಸಿದಾಗ ಎಂಟೂ ಒಂದೇ ಜಾಗದಲ್ಲಿ ತೆಳುವಾಗಿರುವ ಸಂಭವ ತೀರ ಕಡಿಮೆ. ಸಂಖ್ಯಾಶಾಸ್ತ್ರದ ನಿಯಮದಂತೆ ಏರುಪೇರು ಎಳೆಗಳ ಸಂಖ್ಯೆಯ ವರ್ಗಮೂಲದಷ್ಟು ಇಳಿಯುತ್ತದೆ. ಎಂಟರ ವರ್ಗಮೂಲ 2.83. ಅಂದರೆ ಒಂಟಿ ಎಳೆಯಲ್ಲಿದ್ದ ಅಂಕುಡೊಂಕು ಸುಮಾರು ಮೂರನೇ ಒಂದು ಪಾಲಿಗೆ ಬಂದಂತೆ.

ಎಷ್ಟು ನೂಲು ಬೇಕು ಎಂಬ ಲೆಕ್ಕ ಖಾದಿಯ ಲೆಕ್ಕದಲ್ಲಿ ಚೆನ್ನಾಗಿ ಕೂಡುತ್ತದೆ. ಖಾದಿಯವರ ಲಡಿ ಎಂದರೆ 1000 ಮೀಟರ್. 20 ನಂಬರಿನ ನೂಲು ಒಂದು ಕಿಲೋಗೆ ಸುಮಾರು 34 ಲಡಿ ತೂಗುತ್ತದೆ. ನಂಬರು ಹೆಚ್ಚಿದಷ್ಟು ನೂಲು ಸಣ್ಣ. ಇಂಥ ಎಂಟು ಎಳೆ ಕೂಡಿಸಿದರೆ 100 ಗ್ರಾಮಿಗೆ ಸುಮಾರು 400 ಮೀಟರ್ ಬರುವ ನೂಲಾಗುತ್ತದೆ. ನಡುಗಾತ್ರದ ಮೈಯ ಹಗುರ ಸ್ವೆಟರಿಗೆ ಹೇಳಿ ಮಾಡಿಸಿದಂಥದ್ದು. ಎದೆ ಸುತ್ತಳತೆ 92 ಸೆಂಟಿಮೀಟರ್ ಇದ್ದವರಿಗೆ 8 ಸೆಂಟಿಮೀಟರ್ ಸಡಿಲು ಬಿಟ್ಟು 100 ಎಂದಿಟ್ಟುಕೊಂಡರೆ, 10 ಸೆಂಟಿಮೀಟರಿಗೆ 24 ಕುಣಿಕೆಯಂತೆ ಸುತ್ತಿಗೆ 240 ಕುಣಿಕೆ. ಉದ್ದ 60 ಸೆಂಟಿಮೀಟರ್, 10 ಸೆಂಟಿಮೀಟರಿಗೆ 32 ಸಾಲು. ಒಟ್ಟು 192 ಸಾಲು. ಮೈಭಾಗಕ್ಕೇ 46,080 ಕುಣಿಕೆಗಳಾದವು.

ಪ್ರತಿ ಕುಣಿಕೆ ಎಷ್ಟು ನೂಲು ನುಂಗುತ್ತದೆ? ಹೆಣಿಗೆಯ ವಿಜ್ಞಾನದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. 1959ರಲ್ಲಿ ಇಂಗ್ಲೆಂಡಿನ ಡಿ. ಎಲ್. ಮಂಡನ್ ಇದಕ್ಕೆ ಅಚ್ಚುಕಟ್ಟಾದ ಉತ್ತರ ಕೊಟ್ಟರು. ಸಾದಾ ಹೆಣಿಗೆಯನ್ನು ನೀರಿನಲ್ಲಿ ನೆನೆಸಿ, ಯಾವ ಎಳೆತವೂ ಇಲ್ಲದೆ ಒಣಗಲು ಬಿಟ್ಟಾಗ ಬಟ್ಟೆಯ ಉದ್ದ, ಅಗಲ, ದಟ್ಟಣೆ ಎಲ್ಲವೂ ಒಂದೇ ಅಳತೆಯಿಂದ ನಿರ್ಧಾರವಾಗುತ್ತವೆ. ಒಂದು ಕುಣಿಕೆಯಲ್ಲಿರುವ ನೂಲಿನ ಉದ್ದವೇ ಆ ಅಳತೆ. ಒಂದು ಸೆಂಟಿಮೀಟರಿನಲ್ಲಿ ಬರುವ ಕುಣಿಕೆಗಳ ಸಂಖ್ಯೆಯನ್ನು ಈ ಉದ್ದದಿಂದ ಗುಣಿಸಿದರೆ ಸುಮಾರು 4, ಸಾಲುಗಳ ಸಂಖ್ಯೆಯನ್ನು ಗುಣಿಸಿದರೆ 5ಕ್ಕಿಂತ ತುಸು ಹೆಚ್ಚು. ಮೇಲಿನ ಉದಾಹರಣೆಯಲ್ಲಿ ಒಂದು ಸೆಂಟಿಮೀಟರಿಗೆ 2.4 ಕುಣಿಕೆ. ಆದ್ದರಿಂದ ಕುಣಿಕೆಗೆ ಸುಮಾರು 1.65 ಸೆಂಟಿಮೀಟರ್ ನೂಲು. ಮೈಭಾಗಕ್ಕೆ 760 ಮೀಟರ್. ತೋಳು, ಅಂಚು ಸೇರಿ ಅಂದಾಜು 1100 ಮೀಟರ್. ತೂಕ 275 ಗ್ರಾಮ್. ಒಂಟಿ ಎಳೆಯ ಲೆಕ್ಕದಲ್ಲಿ ಒಂಬತ್ತು ಲಡಿಗಿಂತ ಸ್ವಲ್ಪ ಜಾಸ್ತಿ. ಈ ಬಟ್ಟೆಯಲ್ಲಿ ಹತ್ತಿ ತುಂಬುವುದು ನೂರರಲ್ಲಿ ಹತ್ತು ಪಾಲು ಜಾಗವನ್ನು, ಉಳಿದ ತೊಂಬತ್ತು ಗಾಳಿ.

ಕೈಯಳತೆ ಒಬ್ಬೊಬ್ಬರದು ಒಂದೊಂದು ತರಹ. ಒಬ್ಬರ ಬಿಗಿ ಇನ್ನೊಬ್ಬರಿಗೆ ಸಡಿಲು. ಕಡ್ಡಿಯ ನಂಬರು ಅದನ್ನು ಸರಿದೂಗಿಸಲು ಇರುವ ಸಾಧನ. ನಮ್ಮ ಅಂಗಡಿಗಳಲ್ಲಿ ಈಗಲೂ ನಡೆಯುವ ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ 8 ನಂಬರಿನ ಕಡ್ಡಿ 4 ಮಿಲಿಮೀಟರ್ ದಪ್ಪ, 10 ನಂಬರಿನದು 3.25 ಮಿಲಿಮೀಟರ್. ನೂಲಿನಂತೆ ಇಲ್ಲಿಯೂ ನಂಬರು ಏರಿದರೆ ದಪ್ಪ ಇಳಿಯುತ್ತದೆ. ಮೇಲಿನ ಲೆಕ್ಕಕ್ಕೆ 10 ಅಥವಾ 9 ನಂಬರು ಸರಿ. ಧಾರವಾಡ ಸೀಮೆಯ ಕಸೂತಿಯವರಿಗೆ ಹಾಸುಹೊಕ್ಕಿನ ಎಳೆ ಎಣಿಸಿ ಹೊಲಿಯುವುದು ರೂಢಿಯಾಗಿರುವುದರಿಂದ ಕುಣಿಕೆ ಎಣಿಸುವ ಕೆಲಸ ಅವರಿಗೆ ಹೊಸದಾಗಿ ಕಾಣುವುದಿಲ್ಲ. ಕಡ್ಡಿ ಹೆಣಿಗೆ ಭಾರತದಲ್ಲಿ ಹರಡಿದ್ದು ಮುಖ್ಯವಾಗಿ 19ನೇ ಶತಮಾನದಲ್ಲಿ, ಮಿಶನರಿ ಶಾಲೆಗಳ ಮೂಲಕ. ಕಸೂತಿ ಅದಕ್ಕಿಂತ ಬಹಳ ಹಳೆಯದು.

ಸ್ವೆಟರಿಗೆ ಉಣ್ಣೆ ಬಿಟ್ಟು ಹತ್ತಿ ಏಕೆ ಎಂದು ಕೇಳುವವರುಂಟು. ಹೆಣಿಗೆಯೆಂದರೆ ಉಣ್ಣೆ ಎಂಬ ನಂಬಿಕೆ ಯುರೋಪಿನಿಂದ ಬಂದದ್ದು. ಉಳಿದುಬಂದಿರುವ ಅತಿ ಹಳೆಯ ನಿಜವಾದ ಹೆಣಿಗೆಗಳಲ್ಲಿ ಈಜಿಪ್ಟಿನ ಕಾಲುಚೀಲಗಳು ಸೇರಿವೆ, ಅವು ನೀಲಿ ಬಿಳಿ ಹತ್ತಿನೂಲಿನವು. ಉಣ್ಣೆಗೆ ತನ್ನದೇ ಮೇಲುಗೈ ಇದೆ ಎಂಬುದು ನಿಜ. ಅದರ ಎಳೆ ಸಹಜವಾಗಿ ಗುಂಗುರು, ಎಳೆದು ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಸಾಧಾರಣ ಹವೆಯಲ್ಲಿ ಅದು ತನ್ನ ತೂಕದ 14ರಿಂದ 16 ಶೇಕಡಾ ತೇವವನ್ನು ಹೀರಿಕೊಂಡಿರುತ್ತದೆ, ಹತ್ತಿ ಹೀರುವುದು ಸುಮಾರು 8 ಶೇಕಡಾ. ತೇವ ಹೀರುವಾಗ ಉಣ್ಣೆ ಶಾಖವನ್ನೂ ಹೊರಬಿಡುತ್ತದೆ. ಸಾಂದ್ರತೆಯಲ್ಲಿಯೂ ಉಣ್ಣೆ 1.31, ಹತ್ತಿ 1.52. ಹೀಗಾಗಿ ಅಷ್ಟೇ ಗಾತ್ರದ ಹತ್ತಿ ಸ್ವೆಟರ್ ಸುಮಾರು ಆರನೇ ಒಂದು ಪಾಲು ಹೆಚ್ಚು ತೂಗುತ್ತದೆ.

ಆದರೆ ನಮ್ಮ ಸೀಮೆಯ ಉಣ್ಣೆ ಬೇರೆ ಜಾತಿಯದು. ದಖ್ಖನಿ ಕುರಿಯ ಕಪ್ಪು ಉಣ್ಣೆ ಒರಟು, ಕೂದಲು ಬೆರೆತದ್ದು. ಕುರುಬರು ಅದನ್ನು ನೂತು, ಹುಣಸೆಬೀಜದ ಗಂಜಿ ಹಾಕಿ, ಕುಣಿ ಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿ ಈ ಕಂಬಳಿಗೆ ಹೆಸರಾದ ಊರು. ಮಳೆ, ಗಾಳಿ, ಹೊಲದ ಕಾವಲಿಗೆ ಕಂಬಳಿಯನ್ನು ಮೀರಿಸಿದ್ದು ಇಲ್ಲ. ಬರಿ ಕೊರಳಿಗೆ ತಾಗುವ ಸ್ವೆಟರ್ ಮಾತ್ರ ಆ ಉಣ್ಣೆಯಿಂದ ಆಗುವುದಿಲ್ಲ. ಮೂವತ್ತು ಮೈಕ್ರಾನಿಗೂ ದಪ್ಪನೆಯ ಎಳೆಯ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ. ತುರಿಕೆ ಅನ್ನುವುದು ಇದನ್ನೇ.

ಹತ್ತಿಯಲ್ಲಿಯೂ ಆಯ್ಕೆ ಬೇಕು. ಧಾರವಾಡದ ಎರಿಭೂಮಿಯಲ್ಲಿ ಹಿಂಗಾರಿ ತೇವಕ್ಕೇ ಬೆಳೆಯುವ ದೇಸಿ ತಳಿ ಜಯಧರದ ಎಳೆ ಗಿಡ್ಡ, ಸುಮಾರು 22 ಮಿಲಿಮೀಟರ್. ಎಳೆ ಗಿಡ್ಡವಾದಷ್ಟೂ ಹಿಡಿತಕ್ಕೆ ಹುರಿ ಹೆಚ್ಚು ಕೊಡಬೇಕು, ಹುರಿ ಹೆಚ್ಚಾದರೆ ಮೃದುತ್ವ ಹೋಗುತ್ತದೆ. ಉದ್ದ ಎಳೆಯ ಹತ್ತಿಗೆ ಈ ಕಷ್ಟವಿಲ್ಲ. ಅದನ್ನೂ ಕೊಟ್ಟದ್ದು ಧಾರವಾಡವೇ. ಡಾ. ಬಿ. ಎಚ್. ಕಟರಕಿಯವರು ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಬೆಳಕಿಗೆ ತಂದರು. 1981ರಲ್ಲಿ ಅವರದೇ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಬಂತು. ಅದರ ಎಳೆ 34 ಮಿಲಿಮೀಟರಿನ ಆಸುಪಾಸು. ಕಡಿಮೆ ಹುರಿಯಲ್ಲಿಯೂ ಹಿಡಿತ ಬಿಡದ ಇಂಥ ಎಳೆ ಹೆಣಿಗೆಗೆ ಸಲ್ಲುತ್ತದೆ. ಜಯಧರವನ್ನು ಮಗ್ಗಕ್ಕೆ ಬಿಡುವುದು ಲೇಸು.

ನೂತ ನೂಲಿನ ಮೇಲೆ ಹತ್ತಿಯ ಸಹಜ ಮೇಣ ಇನ್ನೂ ಇರುತ್ತದೆ, ತೂಕದ ಸುಮಾರು ಅರ್ಧ ಶೇಕಡಾ. ಅದು ಬೆವರನ್ನು ಹೀರಲು ಬಿಡುವುದಿಲ್ಲ. ಲಡಿಗಳನ್ನು ನಾಲ್ಕು ಕಡೆ ಸಡಿಲಾಗಿ ಕಟ್ಟಿ, ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ತಾಸೊತ್ತು ಕುದಿಸಿದರೆ ನೀರು ಚಹದ ಬಣ್ಣಕ್ಕೆ ತಿರುಗುತ್ತದೆ, ನೂಲು ಬೆಳ್ಳಗೆ, ಮೆತ್ತಗೆ ಆಗುತ್ತದೆ. ಕುದಿಸದೆ ಹೆಣೆದ ಸ್ವೆಟರ್ ಮೊದಲ ಕೆಲವು ಒಗೆತದಲ್ಲಿ ಕುಗ್ಗುತ್ತದೆ.

ಹತ್ತಿಗೆ ಪುಟಿಯುವ ಗುಣ ಕಡಿಮೆಯಾದ್ದರಿಂದ ಅದನ್ನು ಹೆಣಿಗೆಯ ರಚನೆಯಿಂದಲೇ ತುಂಬಿಕೊಡಬೇಕು. ಸೀದಾ ಕುಣಿಕೆ ಮುಂದಕ್ಕೆ ಉಬ್ಬುತ್ತದೆ, ಉಲ್ಟಾ ಕುಣಿಕೆ ಹಿಂದಕ್ಕೆ. ಒಂದು ಸೀದಾ, ಒಂದು ಉಲ್ಟಾ ಎಂದು ಹೆಣೆದರೆ ಬಟ್ಟೆ ತಗಡಿನ ಅಲೆಗಳಂತೆ ಮಡಚಿಕೊಂಡು ಅಗಲ ಕುಗ್ಗುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಕೆಳ ಅಂಚು, ಮುಂಗೈ, ಕೊರಳಿಗೆ ಈ ಪಟ್ಟಿ ಅನಿವಾರ್ಯ. ಹತ್ತಿಯಾದರೆ ಮೈಭಾಗಕ್ಕಿಂತ ಎರಡು ನಂಬರು ಸಣ್ಣ ಕಡ್ಡಿಯಲ್ಲಿ ಹೆಣೆಯಬೇಕು. ಅಂಚಿನಲ್ಲಿ ಉಣ್ಣೆಯವರಿಗಿಂತ ಹತ್ತು ಶೇಕಡಾ ಕಡಿಮೆ ಕುಣಿಕೆ ಏರಿಸಿದರೂ ನಡೆಯುತ್ತದೆ. ಇಡೀ ಸ್ವೆಟರನ್ನು ಪಟ್ಟಿಯಲ್ಲೇ ಹೆಣೆಯುವುದು ಬೇಡ. ನೂಲು ಹೆಚ್ಚು ಬೇಡುತ್ತದೆ, ತೂಕವೂ ಏರುತ್ತದೆ.

ಒದ್ದೆಯಾದಾಗ ಹತ್ತಿಯ ಎಳೆ ಬಲ ಕಳೆದುಕೊಳ್ಳುವುದಿಲ್ಲ, ಬದಲಿಗೆ ತುಸು ಗಟ್ಟಿಯಾಗುತ್ತದೆ. ಉಣ್ಣೆಯದು ಇದಕ್ಕೆ ವಿರುದ್ಧ. ಆದ್ದರಿಂದ ಹತ್ತಿ ಸ್ವೆಟರನ್ನು ಧೈರ್ಯವಾಗಿ ಒಗೆಯಬಹುದು. ಕೆಡುವುದು ಒಣಗಿಸುವಾಗ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಕುಣಿಕೆಗಳು ಉದ್ದಕ್ಕೆ ಜಗ್ಗಿ, ಅದೇ ಆಕಾರದಲ್ಲಿ ಒಣಗಿಬಿಡುತ್ತವೆ. ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಅಗಲಿಸಿ ನೆರಳಲ್ಲಿ ಒಣಗಿಸಬೇಕು. ಮಂಡನ್ ಹೇಳಿದ ಎಳೆತವಿಲ್ಲದ ಸ್ಥಿತಿ ಸಿಗುವುದು ಹಾಗೆಯೇ. ಇದೇ ಕಾರಣಕ್ಕೆ ಮೊದಲು ಗೇಣಗಲದ ಮಾದರಿ ತುಂಡು ಹೆಣೆದು, ಒಗೆದು, ಒಣಗಿದ ಮೇಲೆ ಕುಣಿಕೆ ಎಣಿಸಿ, ಆ ಸಂಖ್ಯೆಯ ಮೇಲೆ ಸ್ವೆಟರಿನ ಲೆಕ್ಕ ಕಟ್ಟಬೇಕು. ಕಡ್ಡಿಯ ಮೇಲಿದ್ದಾಗ ಎಣಿಸಿದ್ದು ಲೆಕ್ಕಕ್ಕಿಲ್ಲ.

1100 ಮೀಟರ್ ನೂಲು ಎಂದರೆ ಸುಮಾರು 66,000 ಕುಣಿಕೆ. ನಿಮಿಷಕ್ಕೆ 20ರಂತೆ ಹೆಣೆಯುವ ಕೈಗೆ 55 ತಾಸಿನ ಕೆಲಸ. ಗಣೇಶ ಚೌತಿಯಿಂದ ದೀಪಾವಳಿಯ ಅಮಾವಾಸ್ಯೆಗೆ 56 ತಿಥಿಗಳು. ಚೌತಿಯ ದಿನ ಕುಣಿಕೆ ಏರಿಸಿ ದಿನಕ್ಕೊಂದು ತಾಸು ಕೂತರೆ ಚಳಿ ಬೀಳುವ ಹೊತ್ತಿಗೆ ಸ್ವೆಟರ್ ಸಿದ್ಧವಾಗುತ್ತದೆ.